ಹವಳದ ದ್ವೀಪಗಳು ನಮ್ಮ ಜಿಲ್ಲೆಯಲ್ಲಿದ್ದಾಗ

1956ರ ನವೆಂಬರ್ 1ರಂದು ದಕ್ಷಿಣ ಕನ್ನಡ ಜಿಲ್ಲೆ ಮದರಾಸು ರಾಜ್ಯವನ್ನು ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಆ ದಿನ ಜಿಲ್ಲೆ ಕಳೆದುಕೊಂಡದ್ದೇನು ಎಂದು ಕೇಳಿದರೆ ಕರಾವಳಿಯ ಹಿರಿಯರು ಕೊಡುವ ಉತ್ತರ ಒಂದೇ: ಕಾಸರಗೋಡು. ಆ ನೋವು ಇನ್ನೂ ಮಾಸಿಲ್ಲ. ಆದರೆ ಅದೇ ದಿನ ಜಿಲ್ಲೆಯ ನಕಾಶೆಯಿಂದ ಇನ್ನೊಂದು ಭಾಗವೂ ಕಳಚಿಕೊಂಡಿತು. ಅದರ ನೆನಪು ಮಾತ್ರ ಈಗ ಹೆಚ್ಚಿನವರಿಗೆ ಉಳಿದಿಲ್ಲ. ಮಂಗಳೂರಿನಿಂದ ನೈಋತ್ಯಕ್ಕೆ, ಮುನ್ನೂರು ಕಿಲೋಮೀಟರಿನ ಆಸುಪಾಸಿನಲ್ಲಿ, ಅರಬ್ಬೀ ಸಮುದ್ರದ ನಡುವೆ ಇರುವ ಅಮೀನಿ, ಕಡಮತ್, ಕಿಲ್ತಾನ್, ಚೆತ್ಲಾತ್ ಮತ್ತು ಬಿತ್ರಾ ಎಂಬ ಐದು ದ್ವೀಪಗಳೇ ಆ ಭಾಗ. ಇವನ್ನು ಒಟ್ಟಾಗಿ ಅಮೀನ್‌ದಿವಿ ದ್ವೀಪಗಳೆಂದು ಕರೆಯುತ್ತಿದ್ದರು.

1799ರಿಂದ 1956ರವರೆಗೆ, ಅಂದರೆ 157 ವರ್ಷಗಳ ಕಾಲ, ಈ ದ್ವೀಪಗಳು ಮಂಗಳೂರಿನ ಕಲೆಕ್ಟರರ ಅಧಿಕಾರಕ್ಕೆ ಒಳಪಟ್ಟಿದ್ದವು. ಇಂದಿನ ಬೈಂದೂರು, ಬ್ರಹ್ಮಾವರ ತಾಲೂಕುಗಳು ಆಗ ಇರಲಿಲ್ಲ. ಕುಂದಾಪುರ, ಉಡುಪಿ ತಾಲೂಕುಗಳ ರೈತ ಗದ್ದೆಯ ತೀರ್ವೆ ಕಟ್ಟುತ್ತಿದ್ದ ಆಡಳಿತಕ್ಕೇ ಅಮೀನಿಯ ಜನ ತೆಂಗಿನ ನಾರನ್ನು ಒಪ್ಪಿಸುತ್ತಿದ್ದರು. ಒಂದೇ ಜಿಲ್ಲೆಯ ಎರಡು ತುದಿಗಳಲ್ಲಿ ಒಂದು ಸಹ್ಯಾದ್ರಿಯ ಬುಡದ ಕೆಂಪು ಮಣ್ಣು, ಇನ್ನೊಂದು ಹವಳದ ಬಿಳಿ ಮರಳು.

ಈ ಹಳೆಯ ಸಂಬಂಧವನ್ನು ಈಗ ನೆನಪಿಸಿಕೊಳ್ಳಲು ಕಾರಣವಿದೆ. ಆ ದ್ವೀಪಗಳನ್ನು ಕಟ್ಟಿದ ಹವಳ ನಮ್ಮ ಕಣ್ಣೆದುರೇ ಸಾಯುತ್ತಿದೆ. ಬೈಂದೂರಿನ ಕಡಲಿಗೆ ಹತ್ತಿರವೇ ಇರುವ ನೇತ್ರಾಣಿಯಲ್ಲಿಯೂ ಹವಳವಿದೆ. ಒಂದೂವರೆ ಶತಮಾನ ಹವಳದ ನೆಲವನ್ನು ಆಳಿದ ನಾವು ಹವಳದ ಬಗ್ಗೆ ಕಲಿತದ್ದೇನು ಎಂಬ ಪ್ರಶ್ನೆ ಏಳುವುದು ಇಲ್ಲಿಯೇ.

ಉಂಗುರದ ಹವಳವಲ್ಲ

ಹವಳ ಎಂದೊಡನೆ ನಮಗೆ ನೆನಪಾಗುವುದು ಉಂಗುರದಲ್ಲಿ ಕೂರಿಸುವ ಕೆಂಪು ಹವಳ, ಕುಜನ ಪ್ರೀತ್ಯರ್ಥವಾಗಿ ಧರಿಸುವ ನವರತ್ನಗಳಲ್ಲೊಂದು. ಅದು ಬಹುಪಾಲು ಮೆಡಿಟರೇನಿಯನ್ ಸಮುದ್ರದಿಂದ ಬಂದ ಸರಕು. ಯುರೋಪಿನ ವ್ಯಾಪಾರಿಗಳು ಶತಮಾನಗಳ ಕಾಲ ಅದನ್ನು ಭಾರತಕ್ಕೆ ತಂದು ಮಾರಿದರು. ಆ ಹವಳ ದ್ವೀಪ ಕಟ್ಟುವುದಿಲ್ಲ. ದ್ವೀಪ ಕಟ್ಟುವ ಹವಳವೇ ಬೇರೆ.

ಅದು ಗಿಡವೂ ಅಲ್ಲ, ಕಲ್ಲೂ ಅಲ್ಲ, ಪ್ರಾಣಿ. ಲೋಳೆಮೀನಿನ ಬಂಧುವಾದ ಪಾಲಿಪ್ ಎಂಬ ಸಣ್ಣ ಜೀವಿ ಕಡಲ ನೀರಿನಲ್ಲಿ ಕರಗಿರುವ ಸುಣ್ಣದ ಅಂಶವನ್ನು ಹೀರಿ ತನ್ನ ಸುತ್ತ ಬಟ್ಟಲಿನಂತಹ ಗೂಡು ಕಟ್ಟಿಕೊಳ್ಳುತ್ತದೆ. ಲಕ್ಷಾಂತರ ಪಾಲಿಪ್‌ಗಳ ಗೂಡುಗಳು ಒಂದಕ್ಕೊಂದು ಅಂಟಿ, ಹಳೆಯದರ ಮೇಲೆ ಹೊಸದು ಬೆಳೆದು, ಸಾವಿರಾರು ವರ್ಷಗಳಲ್ಲಿ ಹವಳದ ದಿಬ್ಬವಾಗುತ್ತದೆ. ಗುಂಡುಬಂಡೆಯಂತೆ ಬೆಳೆಯುವ ಹವಳ ಒಂದು ವರ್ಷದಲ್ಲಿ ಏರುವುದು ಸುಮಾರು ಒಂದು ಸೆಂಟಿಮೀಟರ್ ಮಾತ್ರ.

ಈ ಕೆಲಸದಲ್ಲಿ ಪಾಲಿಪ್ ಒಂಟಿಯಲ್ಲ. ಅದರ ಮೈಯೊಳಗೆ ಕಣ್ಣಿಗೆ ಕಾಣದ ಪಾಚಿ ವಾಸವಾಗಿರುತ್ತದೆ. ಪಾಚಿ ಬಿಸಿಲಿನಿಂದ ಆಹಾರ ತಯಾರಿಸಿ ದೊಡ್ಡ ಪಾಲನ್ನು ಮನೆಯೊಡೆಯನಿಗೆ ಕೊಡುತ್ತದೆ. ಹವಳದ ಬಣ್ಣವೂ ಬಹುಮಟ್ಟಿಗೆ ಆ ಪಾಚಿಯದೇ. ಬಿಸಿಲು ಬೇಕಾದುದರಿಂದ ನೀರು ತಿಳಿಯಾಗಿರಬೇಕು, ಆಳ ಕಡಿಮೆ ಇರಬೇಕು, ಉಪ್ಪಿನ ಅಂಶ ಹೆಚ್ಚು ಏರುಪೇರಾಗಬಾರದು.

ನಮ್ಮ ದಡದಲ್ಲಿ ಹವಳದ ದಿಬ್ಬ ಬೆಳೆಯದಿರುವ ಕಾರಣವೂ ಇದರಲ್ಲಿಯೇ ಇದೆ. ಮಳೆಗಾಲದಲ್ಲಿ ಗಂಗೊಳ್ಳಿಯ ಅಳಿವೆಯ ಬಳಿ ನಿಂತು ನೋಡಿದವರಿಗೆ ವಿವರಿಸಿ ಹೇಳಬೇಕಾಗಿಲ್ಲ. ಪಂಚಗಂಗಾವಳಿಯ ಕೆಂಪು ನೀರು ಬಹುದೂರದವರೆಗೆ ಕಡಲಿನ ಬಣ್ಣವನ್ನೇ ಬದಲಿಸುತ್ತದೆ. ಕೋಡಿಬೆಂಗ್ರೆಯಲ್ಲಿ ಸೀತಾ, ಸ್ವರ್ಣಾ ನದಿಗಳೂ ಅದೇ ಕೆಲಸ ಮಾಡುತ್ತವೆ. ಆ ಸಿಹಿನೀರು, ಆ ಕೆಸರು ಹವಳಕ್ಕೆ ಆಗದು. ಅದರ ಬದಲು ನಮ್ಮ ಅಳಿವೆಗಳಲ್ಲಿ ಚಿಪ್ಪಿನ ಜೀವಿಗಳು ಬೆಳೆದವು. ಅವುಗಳ ಚಿಪ್ಪನ್ನು ಗೂಡಿನಲ್ಲಿ ಸುಟ್ಟು ಮಾಡಿದ ಸುಣ್ಣವೇ ನಮ್ಮ ಗೋಡೆಗೂ ಬಂತು, ವೀಳ್ಯದೆಲೆಗೂ ಬಂತು. ಹವಳವೂ ಚಿಪ್ಪೂ ಮೂಲದಲ್ಲಿ ಒಂದೇ ವಸ್ತು, ಕ್ಯಾಲ್ಸಿಯಂ ಕಾರ್ಬೊನೇಟ್. ದ್ವೀಪದವರು ಹವಳದ ಕಲ್ಲಿನಿಂದಲೇ ಮನೆ, ಮಸೀದಿ ಕಟ್ಟಿಕೊಂಡರು.

ಕಡಲಿನ ನಡುವೆ ಇಂಥ ದ್ವೀಪ ಹೇಗೆ ಹುಟ್ಟಿತು ಎಂಬುದಕ್ಕೆ ಒಪ್ಪುವಂಥ ಉತ್ತರವನ್ನು ಮೊದಲು ಕೊಟ್ಟವನು ಚಾರ್ಲ್ಸ್ ಡಾರ್ವಿನ್. 1842ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವನು ಹೇಳಿದ್ದು ಇಷ್ಟು: ಜ್ವಾಲಾಮುಖಿಯ ಬೆಟ್ಟವೊಂದು ಕಡಲಿನಲ್ಲಿ ನಿಧಾನವಾಗಿ ಕುಸಿಯುತ್ತದೆ. ಅದರ ಅಂಚಿನಲ್ಲಿ ಬೆಳೆದ ಹವಳ ಕುಸಿತದ ವೇಗಕ್ಕೆ ಸರಿಯಾಗಿ ಮೇಲಕ್ಕೆ ಬೆಳೆಯುತ್ತ ಹೋಗುತ್ತದೆ. ಕೊನೆಗೆ ಬೆಟ್ಟ ಮುಳುಗಿ, ಹವಳದ ಉಂಗುರ ಮಾತ್ರ ಉಳಿಯುತ್ತದೆ. 1952ರಲ್ಲಿ ಶಾಂತಸಾಗರದ ಎನಿವೆಟಾಕ್ ದ್ವೀಪದಲ್ಲಿ ಕೊಳವೆ ಕೊರೆದಾಗ 1,200 ಮೀಟರಿಗೂ ಹೆಚ್ಚು ದಪ್ಪದ ಹವಳದ ಸುಣ್ಣಕಲ್ಲಿನ ಕೆಳಗೆ ಜ್ವಾಲಾಮುಖಿ ಶಿಲೆ ಸಿಕ್ಕಿತು. ಡಾರ್ವಿನ್ನನ ಊಹೆ ನಿಜವಾಯಿತು.

ಲಕ್ಷದ್ವೀಪದ ಹೆಚ್ಚಿನ ದ್ವೀಪಗಳಲ್ಲಿ ಪಶ್ಚಿಮದ ಕಡೆಗೆ ಹವಳದ ದಿಬ್ಬ, ಅದರೊಳಗೆ ತಿಳಿನೀರಿನ ಒಳಕಡಲು, ಪೂರ್ವದ ಅಂಚಿನಲ್ಲಿ ಸಣ್ಣ ನೆಲ. ಆ ನೆಲವೆಂದರೆ ಅಲೆಗಳು ಒಡೆದು ತಂದು ಎಸೆದ ಹವಳದ ಚೂರು ಮತ್ತು ಮರಳು. ಮುಂಗಾರಿನ ಅಲೆ ಮೊದಲು ಬಂದು ಬಡಿಯುವುದು ದಿಬ್ಬಕ್ಕೆ. ದ್ವೀಪಕ್ಕೆ ತಲುಪುವುದು ಅದರ ಸುಸ್ತಾದ ರೂಪ ಮಾತ್ರ.

ಕತ್ತಕ್ಕೆ ಅಕ್ಕಿ

ಅಮೀನ್‌ದಿವಿ ದ್ವೀಪಗಳು ಮೊದಲು ಕಣ್ಣೂರಿನ ಅರಕ್ಕಲ್ ಮನೆತನದ ಆಳ್ವಿಕೆಯಲ್ಲಿದ್ದವು. ಅಲ್ಲಿನ ಅಧಿಕಾರಿಗಳ ಕಿರುಕುಳ ತಾಳಲಾರದೆ ದ್ವೀಪದವರು 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆ ಹೊಕ್ಕರು. ಐದು ದ್ವೀಪಗಳು ಮೈಸೂರಿನ ವಶಕ್ಕೆ ಬಂದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದಾಗ ಕನ್ನಡ ಜಿಲ್ಲೆಯೊಂದಿಗೆ ಇವೂ ಈಸ್ಟ್ ಇಂಡಿಯಾ ಕಂಪೆನಿಯ ಪಾಲಾದವು. ಉಳಿದ ದ್ವೀಪಗಳು ಅರಕ್ಕಲ್‌ನವರ ಬಳಿಯೇ ಉಳಿದು, ಮುಂದೆ ಮಲಬಾರ್ ಜಿಲ್ಲೆಗೆ ಸೇರಿದವು. ಹೀಗೆ ಒಂದೇ ದ್ವೀಪಸಮೂಹದ ಅರ್ಧಕ್ಕೆ ಮಂಗಳೂರು, ಇನ್ನರ್ಧಕ್ಕೆ ಕಲ್ಲಿಕೋಟೆ ಯಜಮಾನನಾಯಿತು.

ಹವಳದ ಮರಳಿನಲ್ಲಿ ಭತ್ತ ಬೆಳೆಯುವುದಿಲ್ಲ. ತೆಂಗು ಚೆನ್ನಾಗಿ ಬೆಳೆಯುತ್ತದೆ. ಹಾಗಾಗಿ ದ್ವೀಪದವರ ಬದುಕು ನಿಂತದ್ದು ಒಂದು ವಿನಿಮಯದ ಮೇಲೆ: ಇಲ್ಲಿಂದ ಅಕ್ಕಿ, ಅಲ್ಲಿಂದ ಕತ್ತ. ನಮ್ಮ ಕರಾವಳಿಗೆ ಇದು ಹೊಸ ವ್ಯಾಪಾರವಾಗಿರಲಿಲ್ಲ. ಬಾರ್ಕೂರು, ಬಸ್ರೂರುಗಳಿಂದ ಹಡಗುಗಟ್ಟಲೆ ಅಕ್ಕಿ ಹೊರಗೆ ಹೋಗುತ್ತಿದ್ದುದನ್ನು ಹದಿನಾರನೆಯ ಶತಮಾನದ ಆರಂಭದಲ್ಲಿಯೇ ಪೋರ್ಚುಗೀಸ್ ಬರಹಗಾರ ದುವಾರ್ತೆ ಬಾರ್ಬೋಸಾ ಗುರುತಿಸಿದ್ದಾನೆ. ಅಕ್ಕಿ ಇಲ್ಲದ ತೀರಗಳಿಗೆ ಅನ್ನ ಕೊಟ್ಟದ್ದು ಕನ್ನಡ ಕರಾವಳಿಯ ಗದ್ದೆಗಳು.

ಕಂಪೆನಿ ಸರಕಾರ ಈ ವಿನಿಮಯವನ್ನು ತನ್ನ ಏಕಸ್ವಾಮ್ಯವಾಗಿ ಮುಂದುವರಿಸಿತು. ದ್ವೀಪದವರು ತಮ್ಮ ಓಡಗಳಲ್ಲಿ ಕತ್ತವನ್ನು ಮಂಗಳೂರಿಗೆ ತರಬೇಕು. ಸರಕಾರ ತಾನು ಗೊತ್ತುಮಾಡಿದ ದರದಲ್ಲಿ ಅದನ್ನು ತೆಗೆದುಕೊಂಡು, ತಾನು ಗೊತ್ತುಮಾಡಿದ ದರದಲ್ಲಿ ಅಕ್ಕಿಯನ್ನೂ ಅಷ್ಟಿಷ್ಟು ಹಣವನ್ನೂ ಕೊಡುತ್ತಿತ್ತು. ಪೇಟೆಯಲ್ಲಿ ಕತ್ತದ ಬೆಲೆ ಏರಿದರೆ ನಷ್ಟ ದ್ವೀಪದವರದು. ಅಮೀನಿಯಲ್ಲಿ ಮಣೆಗಾರನೆಂಬ ಅಧಿಕಾರಿ, ಅವನ ಕೈಕೆಳಗೆ ಕರಣಿಕರು; ಆಡಳಿತವೆಂದರೆ ಇಷ್ಟೇ. ಮಳೆಗಾಲದ ತಿಂಗಳುಗಳಲ್ಲಿ ಓಡಗಳ ಸಂಚಾರ ನಿಲ್ಲುತ್ತಿದ್ದುದರಿಂದ, ಜಿಲ್ಲೆಯ ಈ ತುಂಡು ವರ್ಷದ ಒಂದು ಭಾಗ ಜಿಲ್ಲೆಯ ಕೈಗೇ ಸಿಗುತ್ತಿರಲಿಲ್ಲ.

ಇಲ್ಲಿ ಗಮನಿಸಬೇಕಾದ ಸಂಗತಿಯೊಂದಿದೆ. ಸರಕಾರದ ದಫ್ತರದಲ್ಲಿ ಕತ್ತದ ತೂಕವಿತ್ತು, ಅಕ್ಕಿಯ ಮುಡಿಯ ಲೆಕ್ಕವಿತ್ತು. ಹವಳದ ಲೆಕ್ಕಕ್ಕೆ ಅಲ್ಲಿ ಜಾಗವಿರಲಿಲ್ಲ. ಆದರೆ ಆ ಕತ್ತ ಬಂದದ್ದು ಎಲ್ಲಿಂದ? ತೆಂಗಿನ ಸಿಪ್ಪೆಯನ್ನು ತಿಂಗಳುಗಟ್ಟಲೆ ಹೂತು ಕೊಳೆಸುತ್ತಿದ್ದುದು ಒಳಕಡಲಿನ ಶಾಂತವಾದ ಉಪ್ಪುನೀರಿನಲ್ಲಿ. ಆ ಶಾಂತಿ ಹವಳದ ದಿಬ್ಬ ಕೊಟ್ಟದ್ದು. ತೆಂಗು ನಿಂತದ್ದು ಹವಳದ ಮರಳಿನಲ್ಲಿ. ಕುಡಿಯುವ ನೀರೂ ಅದರದೇ ಕೊಡುಗೆ: ಮಳೆಯ ಸಿಹಿನೀರು ಮರಳಿನಲ್ಲಿ ಇಳಿದು, ಕೆಳಗಿನ ಉಪ್ಪುನೀರಿನ ಮೇಲೆ ತೆಳುವಾದ ಪದರವಾಗಿ ತೇಲುತ್ತದೆ. ದ್ವೀಪದ ಬಾವಿಗಳ ನೀರು ಉಬ್ಬರ ಇಳಿತದೊಂದಿಗೆ ಏರಿ ಇಳಿಯುತ್ತದೆ. ಕಡಲು ಒಳನುಗ್ಗಿದರೆ ಆ ಪದರ ಉಪ್ಪಾಗಿ ಬಾವಿಯೇ ಕೆಡುತ್ತದೆ. 1847ರ ಏಪ್ರಿಲ್‌ನಲ್ಲಿ ಬೀಸಿದ ಬಿರುಗಾಳಿ ಕಲ್ಪೇನಿ, ಆಂದ್ರೋತ್ ದ್ವೀಪಗಳನ್ನು ಧ್ವಂಸ ಮಾಡಿದಾಗ ಈ ನೆಲ ಎಷ್ಟು ತೆಳುವಾದದ್ದು ಎಂಬುದು ಎಲ್ಲರಿಗೂ ಗೊತ್ತಾಯಿತು.

ಐದೂ ದ್ವೀಪಗಳ ನೆಲ ಸೇರಿದರೆ ಹತ್ತು ಚದರ ಕಿಲೋಮೀಟರು ಕೂಡ ಆಗದು. ಸಮುದ್ರಮಟ್ಟದಿಂದ ಅದರ ಎತ್ತರ ಕೆಲವೇ ಮೀಟರು. ಜನರಿಗೆ ಬೇಕಾದ ಸಕಲವೂ, ಅವರು ಕಾಲಿಟ್ಟು ನಿಂತ ನೆಲವೂ ಸಹ, ದಿಬ್ಬ ಜೀವಂತವಾಗಿರುವುದನ್ನು ಅವಲಂಬಿಸಿತ್ತು. ಸಹ್ಯಾದ್ರಿಯ ಬುಡದ ಊರಿಗೆ ಕಾಡು ಹೇಗೋ ಇದೂ ಹಾಗೆ. ಒಂದೇ ವ್ಯತ್ಯಾಸ, ಕಾಡು ಹೋದರೂ ಊರಿನ ನೆಲ ಉಳಿಯುತ್ತದೆ.

ಗಡಿಯ ವಿಚಿತ್ರ

ಹಳೆಯ ಕನ್ನಡ ಜಿಲ್ಲೆಯನ್ನು ಬ್ರಿಟಿಷರು ಉತ್ತರ, ದಕ್ಷಿಣ ಎಂದು ಎರಡಾಗಿ ಒಡೆದು, 1862ರಲ್ಲಿ ಉತ್ತರ ಭಾಗವನ್ನು ಬೊಂಬಾಯಿ ಪ್ರಾಂತಕ್ಕೆ ಕೊಟ್ಟರು. ಕುಂದಾಪುರ ತಾಲೂಕು ಮಾತ್ರ ಮದರಾಸಿನ ದಕ್ಷಿಣ ಕನ್ನಡದಲ್ಲಿ ಉಳಿಯಿತು. ಶಿರೂರಿನ ಆಚೆ ಭಟ್ಕಳ ಬೊಂಬಾಯಿಯದಾಯಿತು, ಈಚೆ ಬೈಂದೂರು ಮದರಾಸಿನದಾಯಿತು. ಇದರಿಂದ ಹುಟ್ಟಿದ ವಿಚಿತ್ರವನ್ನು ನೋಡಿ: ಮುನ್ನೂರು ಕಿಲೋಮೀಟರು ದೂರದ ಹವಳದ ದ್ವೀಪಗಳು ಬೈಂದೂರಿನವರ ಜಿಲ್ಲೆಯಲ್ಲಿದ್ದವು, ನಲವತ್ತು ಕಿಲೋಮೀಟರಿಗೂ ಕಡಿಮೆ ದೂರದಲ್ಲಿ ಹವಳ ಬೆಳೆಯುವ ನೇತ್ರಾಣಿ ಬೇರೆ ಪ್ರಾಂತದಲ್ಲಿತ್ತು!

ಮುರ್ಡೇಶ್ವರದ ದಡದಿಂದ ಸುಮಾರು 20 ಕಿಲೋಮೀಟರು ಪಶ್ಚಿಮಕ್ಕಿರುವ ನೇತ್ರಾಣಿ ಈಗಲೂ ಉತ್ತರ ಕನ್ನಡದ ಭಟ್ಕಳ ತಾಲೂಕಿಗೆ ಸೇರಿದೆ. ಬ್ರಿಟಿಷರು ಇದನ್ನು ಪಾರಿವಾಳದ ದ್ವೀಪವೆಂದು ಕರೆದರು. ಇದು ಅಮೀನಿಯಂತೆ ಹವಳವೇ ಕಟ್ಟಿದ ನೆಲವಲ್ಲ. ಕಡಿದಾದ ಬಂಡೆಯ ಮೇಲೆ ಕಾಡು ಬೆಳೆದ ದ್ವೀಪ ಇದು. ನೀರಿನೊಳಗೆ ಇಳಿದ ಅದರ ಬಂಡೆಯ ಇಳಿಜಾರಿನಲ್ಲಿ ಹವಳ ಅಂಟಿಕೊಂಡು ಬೆಳೆದಿದೆ. ನದಿಗಳ ಕೆಸರು ನೀರು ಅಷ್ಟಾಗಿ ತಲುಪದ ದೂರ, ಬೇಸಿಗೆಯ ತಿಳಿನೀರು, ಗಟ್ಟಿಯಾದ ಬಂಡೆ ಇವು ಮೂರೂ ಕೂಡಿಬಂದದ್ದೇ ಅದಕ್ಕೆ ಕಾರಣ. ಬಿಳಿ ಹೊಟ್ಟೆಯ ಕಡಲ ಹದ್ದು ಇಲ್ಲಿ ಗೂಡು ಕಟ್ಟುತ್ತದೆ. ದ್ವೀಪದಲ್ಲಿ ಹರಕೆ ಒಪ್ಪಿಸಿ ಬರುವ ರೂಢಿ ಮೀನುಗಾರರಲ್ಲಿ ಹಿಂದಿನಿಂದ ಇದೆ. ಅಳಿವೆಗದ್ದೆ, ಕೊಡೇರಿ, ಗಂಗೊಳ್ಳಿಯ ದೋಣಿಯವರಿಗೆ ಇದು ಅಪರಿಚಿತ ಹೆಸರಲ್ಲ.

1956ರಲ್ಲಿ ಈ ಲೆಕ್ಕ ತಿರುವುಮುರುವಾಯಿತು. ಎರಡು ಕನ್ನಡ ಜಿಲ್ಲೆಗಳೂ ಒಂದೇ ರಾಜ್ಯಕ್ಕೆ ಬಂದವು, ನೇತ್ರಾಣಿ ನಮ್ಮದಾಯಿತು. ಅಮೀನ್‌ದಿವಿ ದ್ವೀಪಗಳು ಹೊಸ ಕೇಂದ್ರಾಡಳಿತ ಪ್ರದೇಶಕ್ಕೆ ಹೋದವು. ಅದರ ಕಚೇರಿ ಮೊದಲು ಕಲ್ಲಿಕೋಟೆಯಲ್ಲಿದ್ದು 1964ರಲ್ಲಿ ಕವರತ್ತಿಗೆ ಹೋಯಿತು. 1973ರಲ್ಲಿ ಲಕ್ಷದ್ವೀಪ ಎಂಬ ಹೆಸರು ಬಂತು. ಆಡಳಿತದ ನಂಟು ಕಡಿದರೂ ವ್ಯಾಪಾರದ ನಂಟು ಕಡಿಯಲಿಲ್ಲ. ಮಂಗಳೂರಿನ ಹಳೆಯ ಬಂದರಿನಿಂದ ಅಕ್ಕಿ, ತರಕಾರಿ, ಕಟ್ಟಡದ ಸಾಮಾನು ಹೊತ್ತ ಮಂಜಿಗಳು ಆ ದ್ವೀಪಗಳಿಗೆ ಹೋಗುತ್ತ ಬಂದವು.

ಬಿಳಿಚಿದ ದಿಬ್ಬ

ಹವಳಕ್ಕೆ ಬಂದ ಹಳೆಯ ಆಪತ್ತುಗಳು ಕೈಯಿಂದ ಆದವು. ಮನ್ನಾರ್ ಕೊಲ್ಲಿಯಲ್ಲಿ ಸುಣ್ಣಕ್ಕಾಗಿ, ಕಟ್ಟಡಕ್ಕಾಗಿ ಹವಳವನ್ನು ದೋಣಿಗಟ್ಟಲೆ ಕಿತ್ತು ಸಾಗಿಸಿದರು. ಲಕ್ಷದ್ವೀಪದಲ್ಲಿ ದೋಣಿಯ ದಾರಿಗಾಗಿ ದಿಬ್ಬವನ್ನು ಒಡೆದರು, ಮರಳು ತೆಗೆದರು. ಇವನ್ನು ಕಾನೂನಿನಿಂದ ತಡೆಯಬಹುದಿತ್ತು. 1991ರ ಕರಾವಳಿ ನಿಯಂತ್ರಣ ವಲಯದ ಅಧಿಸೂಚನೆ ಹವಳದ ದಿಬ್ಬಗಳನ್ನು ಅತಿ ಸೂಕ್ಷ್ಮ ವರ್ಗಕ್ಕೆ ಸೇರಿಸಿತು. 2001ರಲ್ಲಿ ದಿಬ್ಬ ಕಟ್ಟುವ ಹವಳಗಳಿಗೆ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಅನುಸೂಚಿಯಲ್ಲಿ ಸ್ಥಾನ ಸಿಕ್ಕಿತು. ಅಂದರೆ ಕಾನೂನಿನ ಕಣ್ಣಿನಲ್ಲಿ ಹವಳಕ್ಕೆ ಹುಲಿಯ ಸ್ಥಾನ.

ಆದರೆ ಹೊಸ ಆಪತ್ತು ಯಾರ ಕೈಯಲ್ಲೂ ಕಾಣುವುದಿಲ್ಲ. ಕಡಲಿನ ನೀರು ವಾಡಿಕೆಯ ಬೇಸಿಗೆಯ ಗರಿಷ್ಠ ಮಟ್ಟಕ್ಕಿಂತ ಒಂದೇ ಒಂದು ಡಿಗ್ರಿ ಸೆಲ್ಸಿಯಸ್ ಹೆಚ್ಚಾಗಿ, ಆ ಬಿಸಿ ಕೆಲವು ವಾರ ಹಾಗೆಯೇ ನಿಂತರೆ ಹವಳ ಮತ್ತು ಪಾಚಿಯ ಸಂಸಾರ ಮುರಿಯುತ್ತದೆ. ಹವಳ ತನ್ನೊಳಗಿನ ಪಾಚಿಯನ್ನು ಹೊರಹಾಕುತ್ತದೆ. ಬಣ್ಣ ಹೋಗಿ ಬಿಳಿಯ ಸುಣ್ಣದ ಗೂಡು ಎದ್ದು ಕಾಣುತ್ತದೆ. ಇದನ್ನೇ ಬಿಳಿಚುವಿಕೆ ಎನ್ನುತ್ತಾರೆ. ಬಿಳಿಚಿದ ಹವಳ ಕೂಡಲೇ ಸಾಯುವುದಿಲ್ಲ. ನೀರು ಬೇಗ ತಣಿದರೆ ಪಾಚಿ ಮರಳಿ ಬರಬಹುದು. ತಣಿಯದಿದ್ದರೆ ಹಸಿವಿನಿಂದ ಸಾಯುತ್ತದೆ.

1998ರಲ್ಲಿ ಎಲ್ ನಿನೊ ಬಿಸಿಯಿಂದ ಲಕ್ಷದ್ವೀಪದ ಹವಳ ದೊಡ್ಡ ಪ್ರಮಾಣದಲ್ಲಿ ಸತ್ತಿತು. 2010ರಲ್ಲಿ, 2016ರಲ್ಲಿ ಅದೇ ಮರುಕಳಿಸಿತು. ಮೈಸೂರಿನ ನೇಚರ್ ಕನ್ಸರ್ವೇಷನ್ ಫೌಂಡೇಶನ್ನಿನ ಸಂಶೋಧಕರು ಅಗತ್ತಿ, ಕವರತ್ತಿ ಮತ್ತು ಕಡಮತ್ ದ್ವೀಪಗಳ ದಿಬ್ಬಗಳನ್ನು 24 ವರ್ಷಗಳ ಕಾಲ ಅಳೆಯುತ್ತ ಬಂದರು. ಕಡಮತ್ ಎಂದರೆ ನಮ್ಮ ಹಳೆಯ ಜಿಲ್ಲೆಯದೇ ದ್ವೀಪ. 1998ರಲ್ಲಿ ದಿಬ್ಬದ ಸುಮಾರು ಶೇ. 37 ಭಾಗದಲ್ಲಿದ್ದ ಜೀವಂತ ಹವಳ, 2022ರ ವೇಳೆಗೆ ಸುಮಾರು ಶೇ. 19ಕ್ಕೆ ಇಳಿದಿತ್ತು. ಒಂದು ತಲೆಮಾರಿನೊಳಗೆ ಅರ್ಧ ಹೋಯಿತು. 2023ರ ಕೊನೆಯಿಂದ 2024ರವರೆಗೆ ಮತ್ತೆ ಕಡಲು ಬಿಸಿಯಾಗಿ, ಲಕ್ಷದ್ವೀಪದ ಹವಳ ಮತ್ತೊಮ್ಮೆ ಬಿಳಿಚಿತು. ಜಗತ್ತಿನ ಹವಳದ ದಿಬ್ಬಗಳ ಶೇ. 84ರಷ್ಟು ಭಾಗ 2023ರ ಆರಂಭದಿಂದ 2025ರ ಆರಂಭದವರೆಗಿನ ಅವಧಿಯಲ್ಲಿ ಬಿಳಿಚುವಷ್ಟು ಬಿಸಿಯನ್ನು ಅನುಭವಿಸಿದವು.

ಹವಳಕ್ಕೆ ಚೇತರಿಸಿಕೊಳ್ಳುವ ಶಕ್ತಿ ಇದೆ. ಅದಕ್ಕೆ ಬೇಕಾದುದು ಬಿಡುವು. ಒಂದು ಬರದಿಂದ ಎದ್ದ ರೈತನಿಗೆ ನಾಲ್ಕು ಒಳ್ಳೆಯ ಬೆಳೆ ಸಿಕ್ಕಿದರೆ ಸಾಲ ತೀರುತ್ತದೆ. ವರ್ಷ ಬಿಟ್ಟು ವರ್ಷ ಬರ ಬಂದರೆ ಗದ್ದೆಯೇ ಹೋಗುತ್ತದೆ. ಹವಳದ ಸ್ಥಿತಿಯೂ ಇದೇ. ಇಂಗಾಲದ ಡೈಆಕ್ಸೈಡ್ ಹೆಚ್ಚಾಗಿ ಕಡಲಿನಲ್ಲಿ ಕರಗುತ್ತಿರುವುದರಿಂದ ನೀರಿನ ಗುಣ ಬದಲಾಗಿ ಸುಣ್ಣದ ಗೂಡು ಕಟ್ಟುವುದೂ ಕಷ್ಟವಾಗುತ್ತಿದೆ. ಭೂಮಿಯ ಸರಾಸರಿ ಉಷ್ಣತೆ ಕೈಗಾರಿಕಾ ಯುಗದ ಮೊದಲಿಗಿಂತ 1.5 ಡಿಗ್ರಿ ಏರಿದರೆ ಹವಳದ ದಿಬ್ಬಗಳ ಶೇ. 70ರಿಂದ 90ರಷ್ಟು ನಾಶವಾಗಬಹುದು, 2 ಡಿಗ್ರಿ ಏರಿದರೆ ಉಳಿಯುವುದು ಹೆಸರಿಗೆ ಮಾತ್ರ ಎಂದು ವಿಶ್ವಸಂಸ್ಥೆಯ ಹವಾಮಾನ ಸಮಿತಿ 2018ರಲ್ಲಿಯೇ ಎಚ್ಚರಿಸಿದೆ.

ಸತ್ತ ದಿಬ್ಬ ಮೇಲಕ್ಕೆ ಬೆಳೆಯುವುದಿಲ್ಲ. ಅಲೆ ಅದನ್ನು ಸವೆಸುತ್ತದೆ, ಕಡಲಿನ ಮಟ್ಟವೋ ಏರುತ್ತಲೇ ಇರುತ್ತದೆ. ಡಾರ್ವಿನ್ ಹೇಳಿದ ಓಟದಲ್ಲಿ ಹವಳ ಸೋಲುತ್ತದೆ. ಅಲೆ ನೇರವಾಗಿ ನೆಲಕ್ಕೆ ಬರುತ್ತದೆ, ಬಾವಿ ಉಪ್ಪಾಗುತ್ತದೆ, ತೆಂಗು ಉರುಳುತ್ತದೆ. ಬಂಗಾರಂ ಬಳಿ ಇದ್ದ ಪರಳಿ ಎಂಬ ನಿರ್ಜನ ಮರಳುದ್ವೀಪವೊಂದು ಕೊರೆತಕ್ಕೆ ಸಿಕ್ಕಿ ಸಂಪೂರ್ಣ ಇಲ್ಲವಾದುದನ್ನು 2017ರಲ್ಲಿ ಪ್ರಕಟವಾದ ಅಧ್ಯಯನ ತಿಳಿಸಿತು. ಜನವಸತಿಯ ದ್ವೀಪಗಳ ಮಟ್ಟಿಗೆ ಅದನ್ನು ಎಚ್ಚರಿಕೆಯ ಗಂಟೆ ಎಂದೇ ತಿಳಿಯಬೇಕು.

ನೇತ್ರಾಣಿಯ ಲೆಕ್ಕ

ಲಕ್ಷದ್ವೀಪದ ಆಡಳಿತ ಈಗ ನಮ್ಮ ಕೈಯಲ್ಲಿಲ್ಲ. ಕಡಲಿನ ಬಿಸಿಯನ್ನು ಕುಂದಾಪುರದವರು ಮಾತ್ರ ಇಳಿಸಲೂ ಸಾಧ್ಯವಿಲ್ಲ. ಆದರೆ ನೇತ್ರಾಣಿ ನಮ್ಮ ರಾಜ್ಯದ ಕೈಯಲ್ಲಿದೆ. ಅದನ್ನು ನಾವು ನೋಡಿಕೊಂಡ ರೀತಿ ಹಳೆಯ ಕಂಪೆನಿ ಸರಕಾರದ ರೀತಿಗಿಂತ ಬಹಳ ಬೇರೆಯಾಗಿಲ್ಲ. ನೌಕಾಪಡೆ ವರ್ಷಗಳ ಕಾಲ ಈ ದ್ವೀಪವನ್ನು ಫಿರಂಗಿಯ ಗುರಿ ಅಭ್ಯಾಸಕ್ಕೆ ಬಳಸಿತು. ಪರಿಸರವಾದಿಗಳು ಆಕ್ಷೇಪಿಸಿದರು. ಕೇಂದ್ರೀಯ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಮಂಗಳೂರು ಕೇಂದ್ರದ ವಿಜ್ಞಾನಿಗಳು ಇಲ್ಲಿನ ಹವಳ ಮತ್ತು ಮೀನುಗಳ ಬಗ್ಗೆ 2008ರಲ್ಲಿ ವಿವರವಾದ ವರದಿ ಪ್ರಕಟಿಸಿದರು. ಆ ಹೊತ್ತಿಗೆ ಮುಳುಗುಗಾರರ ಪ್ರವಾಸೋದ್ಯಮವೂ ಇಲ್ಲಿಗೆ ಬಂದಿತ್ತು. ಮಳೆಗಾಲ ಮುಗಿದು ನೀರು ತಿಳಿಯಾದ ಮೇಲೆ ದೇಶದ ಎಲ್ಲೆಡೆಯಿಂದ ಜನ ಹವಳ ನೋಡಲು ಬರುತ್ತಾರೆ.

ಬರುವುದು ತಪ್ಪಲ್ಲ. ಕಂಡದ್ದನ್ನೇ ಜನ ಕಾಪಾಡುತ್ತಾರೆ. ಆದರೆ ಹವಳದ ಮೇಲೆ ಬಿದ್ದ ಒಂದು ಲಂಗರು, ಕ್ಷಣಮಾತ್ರದಲ್ಲಿ, ಹತ್ತಾರು ವರ್ಷಗಳ ಬೆಳವಣಿಗೆಯನ್ನು ಮುರಿಯುತ್ತದೆ. ಬಂಡೆಗೆ ಸಿಕ್ಕಿ ಹರಿದು ಉಳಿದ ಬಲೆ ಹವಳವನ್ನು ಉಸಿರುಗಟ್ಟಿಸುತ್ತದೆ, ಯಾರಿಗೂ ಬೇಡವಾದ ಮೀನನ್ನು ಹಿಡಿದು ಕೊಲ್ಲುತ್ತಲೇ ಇರುತ್ತದೆ. ಹವಳದ ಮೇಲೆ ಬೆಳೆಯುವ ಪಾಚಿಯನ್ನು ಮೇಯುವ ಗಿಳಿಮೀನಿನಂಥ ಮೀನುಗಳನ್ನು ಅತಿಯಾಗಿ ಹಿಡಿದರೆ, ಬಿಳಿಚಿದ ಹವಳದ ಜಾಗವನ್ನು ಪಾಚಿಯೇ ಆಕ್ರಮಿಸುತ್ತದೆ. ಎಳೆಯ ಹವಳಕ್ಕೆ ಕೂರಲು ಜಾಗವಿಲ್ಲ. ಬಿಸಿಯ ಪೆಟ್ಟು ತಿಂದ ದಿಬ್ಬ ಮತ್ತೆ ಎದ್ದು ನಿಲ್ಲುವುದೋ ಇಲ್ಲವೋ ಎಂಬುದನ್ನು ನಿರ್ಧರಿಸುವುದು ಇಂಥ ಸಣ್ಣ ಸಂಗತಿಗಳು.

ಇವುಗಳ ಪರಿಹಾರ ದೊಡ್ಡ ಖರ್ಚಿನದೇನೂ ಅಲ್ಲ. ಲಂಗರು ಇಳಿಸುವ ಬದಲು ದೋಣಿಗಳನ್ನು ಕಟ್ಟಲು ಕಾಯಂ ತೇಲುಬುರುಡೆಗಳನ್ನು ಇಡಬಹುದು. ಹವಳವಿರುವ ಇಳಿಜಾರಿನ ಬಳಿ ಬಲೆ ಬೀಸುವುದಿಲ್ಲವೆಂಬ ಒಪ್ಪಂದವನ್ನು ಮೀನುಗಾರರ ಸಂಘಗಳೊಂದಿಗೆ ಮಾಡಿಕೊಳ್ಳಬಹುದು. ದ್ವೀಪದ ಬಳಿ ಮರಿಯಾಗಿ ಬೆಳೆದ ಮೀನು ನಾಳೆ ಅವರ ಬಲೆಗೇ ಬರುವಂಥದು ಎಂಬುದನ್ನು ದೋಣಿಯವರಿಗಿಂತ ಚೆನ್ನಾಗಿ ಬಲ್ಲವರಿಲ್ಲ. ಎಲ್ಲಕ್ಕಿಂತ ಮುಖ್ಯವಾಗಿ, ಪ್ರತಿವರ್ಷ ಒಂದೇ ಜಾಗದಲ್ಲಿ, ಒಂದೇ ಕ್ರಮದಲ್ಲಿ ಹವಳವನ್ನು ಎಣಿಸಿ ಬರೆದಿಡುವ ವ್ಯವಸ್ಥೆ ಬೇಕು. ಕಡಮತ್‌ನಲ್ಲಿ ಅರ್ಧ ಹವಳ ಹೋಯಿತೆಂದು ಇಂದು ಹೇಳಲು ಸಾಧ್ಯವಾದದ್ದು 1998ರಿಂದ ಎಣಿಸುತ್ತ ಬಂದವರಿದ್ದುದರಿಂದ.

ಮಂಗಳೂರಿನ ಕಚೇರಿ 157 ವರ್ಷ ಕತ್ತವನ್ನು ತೂಗಿತು, ಅಕ್ಕಿಯನ್ನು ಅಳೆಯಿತು. ಅವೆರಡನ್ನೂ ಹೊತ್ತು ನಿಂತದ್ದನ್ನು ಅಳೆಯಬೇಕೆಂದು ಆ ಕಾಲದಲ್ಲಿ ಯಾರಿಗೂ ಅನ್ನಿಸಲಿಲ್ಲ. ಅವರಿಗೆ ಹವಳ ಶಾಶ್ವತವಾದ ಕಲ್ಲಿನಂತೆ ಕಂಡಿರಬೇಕು. ಅದು ಕಲ್ಲಲ್ಲ, ಜೀವ ಎಂದು ನಮಗೆ ಗೊತ್ತಿದೆ. ನೇತ್ರಾಣಿಯ ದಫ್ತರದಲ್ಲಿ ಟಿಕೆಟಿನ ಲೆಕ್ಕದ ಪಕ್ಕದಲ್ಲಿ ಹವಳದ ಲೆಕ್ಕವೂ ಇರುವಂತೆ ನೋಡಿಕೊಳ್ಳುವುದು ನಮ್ಮ ತಲೆಮಾರಿನ ಕೆಲಸ.